ಊಟ ನಿಮ್ದಾ, ನಮ್ದಾ ಎಂದು ಇಂಗ್ಲಿಷಿನಲ್ಲಿ ಕೇಳುವುದು ಹೇಗೆ?

ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಸುಳ್ಯದ ಕಡೆಯ ಯಾವ ತೋಟದಮನೆಯ ಅಂಗಳದಲ್ಲಿ ನಿಂತರೂ ಇಂಥದೊಂದು ಮಾತುಕತೆ ಕಿವಿಗೆ ಬೀಳುತ್ತದೆ.

"ಮರ ಎಷ್ಟುಂಟು ಭಟ್ರೇ?"

"ಎಂಟ್ನೂರರ ಹತ್ರ."

"ಹಳೇ ತೋಟವಾ?"

"ಅರ್ಧ ಹಳತು. ಹೊಳೆಬದಿಯದ್ದೆಲ್ಲ ಎತ್ತರ ಉಂಟು."

"ಹಾಗಾದ್ರೆ ಮರ ಲೆಕ್ಕ ಬೇಡ, ದಿನ ಲೆಕ್ಕವೇ ಆಗ್ಲಿ. ಹೆಕ್ಲಿಕ್ಕೆ, ಹೊರ್ಲಿಕ್ಕೆ ಜನ ನಿಮ್ದಾ? ಊಟ ನಿಮ್ದಾ, ನಮ್ದಾ? ಮಳೆ ಬಂದು ಮಧ್ಯಾಹ್ನಕ್ಕೆ ಇಳಿದ್ರೆ ಎಷ್ಟು ಕೊಡ್ತೀರಿ?"

ಬಾಯಿಗೆ ಹಾಕಿದ ಎಲೆಯಡಿಕೆ ಮುಗಿಯುವುದರೊಳಗೆ ಎಲ್ಲವೂ ತೀರ್ಮಾನವಾಗಿರುತ್ತದೆ. ದರ ಎಷ್ಟು, ಯಾವ ಲೆಕ್ಕದಲ್ಲಿ, ಜೊತೆಗಿನ ಕೆಲಸ ಯಾರದು, ಊಟ ಒಳಗೋ ಹೊರಗೋ, ಅರ್ಧ ದಿನವಾದರೆ ಏನು ಕತೆ. ಕಾಗದವಿಲ್ಲ, ಸಹಿಯಿಲ್ಲ, ಮುಜುಗರವಂತೂ ಇಲ್ಲವೇ ಇಲ್ಲ.

ಈಗ ಅದೇ ಮರ ಹತ್ತುವವನ ಮಗಳು ಪುತ್ತೂರಿನಲ್ಲಿ ಬಿಕಾಂ ಮುಗಿಸಿದ್ದಾಳೆ ಎಂದುಕೊಳ್ಳಿ. ಬೆಂಗಳೂರಿನ ಕಂಪನಿಯಿಂದ ಮೇಲ್ ಬರುತ್ತದೆ: ಸಿಟಿಸಿ 3.6 ಎಲ್‌ಪಿಎ, ಇನ್‌ಕ್ಲೂಡಿಂಗ್ ವೇರಿಯಬಲ್. ಅವಳು ಒಂದೇ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಕೇಳಿದರೆ ಏನು ತಿಳ್ಕೊಳ್ತಾರೋ, ಕೆಲಸವೇ ತಪ್ಪಿಹೋದರೋ ಎಂಬ ಅಂಜಿಕೆ. ಅಪ್ಪ ಐದು ನಿಮಿಷದಲ್ಲಿ ಕೇಳಿ ಮುಗಿಸಿದ್ದನ್ನು ಮಗಳು ಸೇರಿ ಒಂದು ತಿಂಗಳಾದ ಮೇಲೆ, ಸಂಬಳ ಖಾತೆಗೆ ಬಿದ್ದಾಗ, ಕಂಡುಕೊಳ್ಳುತ್ತಾಳೆ.

ಇಂಗ್ಲಿಷ್ ಬಾರದ್ದರಿಂದ ಹೀಗಾಯಿತು ಎಂದು ಹೇಳಿ ಮುಗಿಸುವುದು ಸುಲಭ. ನನಗೆ ಹಾಗನಿಸುವುದಿಲ್ಲ. ದಿನಗೂಲಿಯವರು ದುಡ್ಡಿನ ಮಾತನ್ನು ಮೊದಲು ಆಡುತ್ತಾರೆ. ಡಿಗ್ರಿ ಆದವರು ಅದನ್ನು ಕೊನೆಗೂ ಆಡುವುದಿಲ್ಲ. ಸಂಬಳ ಕೇಳುವುದು ಸಣ್ಣತನ ಎಂಬ ಭಾವನೆ ಓದಿನ ಜೊತೆಗೇ ಬಂದುಬಿಟ್ಟಿದೆ. ಕಚೇರಿಯ ಇಂಗ್ಲಿಷಿನಲ್ಲಿರುವ ಪದಗಳು ಆ ಸಂಕೋಚಕ್ಕೆ ಚೆನ್ನಾಗಿಯೇ ಒದಗಿ ಬರುತ್ತವೆ. ಒಂದೊಂದು ಪದದ ಒಳಗೂ ಒಂದು ಷರತ್ತು ಇರುತ್ತದೆ, ಅದು ಬಹುಮಟ್ಟಿಗೆ ಕೊಡುವವನ ಕಡೆಗೇ ವಾಲಿರುತ್ತದೆ. ಹಾಗಾಗಿ ಈ ಪದಗಳನ್ನು ನಿಘಂಟು ನೋಡಿ ಕಲಿಯುವುದಕ್ಕಿಂತ ಅಂಗಳದ ಮಾತುಕತೆಯ ಪಕ್ಕದಲ್ಲಿಟ್ಟು ಕಲಿಯುವುದು ಒಳ್ಳೆಯದು.

ಯಾವ ಲೆಕ್ಕ ಎಂಬಲ್ಲಿಂದಲೇ ಶುರು ಮಾಡೋಣ. ಪುತ್ತೂರು, ಸುಳ್ಯ, ಮತ್ತೆ ಇವೆರಡರಿಂದಲೂ ಗ್ರಾಮಗಳನ್ನು ಪಡೆದು ತಾಲ್ಲೂಕಾದ ಕಡಬ, ಈ ಮೂರು ಕಡೆ ಇರುವಷ್ಟು ಬಗೆಯ ಕೂಲಿ ಲೆಕ್ಕ ಬೇರೆ ಕಡೆ ಕಾಣಸಿಗುವುದು ಕಡಿಮೆ. ತೋಟದ ಕೆಲಸ ದಿನ ಲೆಕ್ಕ. ಅಡಿಕೆ ಸುಲಿಯುವುದು ಕಿಲೋ ಲೆಕ್ಕ. ಮಳೆಗಾಲದಲ್ಲಿ ಮದ್ದು ಬಿಡುವವರು ಬ್ಯಾರೆಲ್ ಲೆಕ್ಕ ಹಿಡಿಯುತ್ತಾರೆ; ಇನ್ನೂರು ಲೀಟರಿನ ಬ್ಯಾರೆಲ್ ಖಾಲಿಯಾದರೆ ಇಷ್ಟು. ಖಾಸಗಿ ರಬ್ಬರ್ ತೋಟದಲ್ಲಿ ಟ್ಯಾಪಿಂಗ್ ಮರ ಲೆಕ್ಕ. ಬೀಡಿ ಸಾವಿರದ ಲೆಕ್ಕ. ಇಂಗ್ಲಿಷಿನಲ್ಲಿ ದಿನ ಲೆಕ್ಕದ್ದೆಲ್ಲ ಟೈಮ್ ರೇಟ್, ಉಳಿದದ್ದೆಲ್ಲ ಪೀಸ್ ರೇಟ್. ಐ ಆಮ್ ಪೇಡ್ ಬೈ ದ ಡೇ ಎಂದರೆ ದಿನ ಲೆಕ್ಕ, ಬೈ ದ ಪೀಸ್ ಎಂದರೆ ಎಣಿಕೆಯ ಲೆಕ್ಕ. ಆ ಪುಟ್ಟ ಬೈ ದ ಬಿಟ್ಟರೆ ವಾಕ್ಯ ನಿಲ್ಲುವುದಿಲ್ಲ. ಐ ಆಮ್ ಪೇಡ್ ಡೇ ಎಂದು ಹೇಳುವವರನ್ನು ನಾನು ಸಂದರ್ಶನಗಳಲ್ಲಿ ಕೇಳಿದ್ದೇನೆ.

ಇವುಗಳಿಗೆಲ್ಲ ಒಟ್ಟಾಗಿ ವೇಜಸ್ ಎನ್ನುತ್ತಾರೆ. ತಿಂಗಳ ಲೆಕ್ಕದಲ್ಲಿ, ರಜೆ ಇದ್ದರೂ ಇಲ್ಲದಿದ್ದರೂ ಒಂದೇ ಮೊತ್ತ ಬರುವುದು ಸ್ಯಾಲರಿ. ಆಡುಮಾತಿನಲ್ಲಿ ಈ ಗೆರೆ ಬಹಳ ಗಟ್ಟಿಯಾಗಿ ಉಳಿದಿಲ್ಲ, ಆದರೆ ಕಾನೂನಿನಲ್ಲಿ ವೇಜಸ್ ಎಂಬುದು ದೊಡ್ಡ ಪದ. ತಿಂಗಳ ಸಂಬಳದವನಿಗೂ ಅದೇ ಅನ್ವಯ. 1936ರ ಪೇಮೆಂಟ್ ಆಫ್ ವೇಜಸ್ ಕಾಯ್ದೆ, 1948ರ ಮಿನಿಮಮ್ ವೇಜಸ್ ಕಾಯ್ದೆ, 1965ರ ಬೋನಸ್ ಕಾಯ್ದೆ, 1976ರ ಸಮಾನ ವೇತನ ಕಾಯ್ದೆ, ಈ ನಾಲ್ಕನ್ನೂ ಒಟ್ಟುಗೂಡಿಸಿದ 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರಲ್ಲಿ ವೇಜಸ್ ಎಂಬ ಪದದ ವ್ಯಾಖ್ಯೆಯೇ ಬದಲಾಗಿದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಬೀಡಿ. ಸಂಬಳದ ಇಂಗ್ಲಿಷ್ ಪದಗಳನ್ನು ನಮ್ಮ ಊರಿನಲ್ಲಿ ಅತಿ ಚೆನ್ನಾಗಿ ಬಲ್ಲವರು ಕಚೇರಿಗಳಲ್ಲಿಲ್ಲ, ಮನೆಯ ಜಗಲಿಯಲ್ಲಿ ಗೆರಸೆ ಮಡಿಲಲ್ಲಿಟ್ಟು ಕೂತಿದ್ದಾರೆ. ಎಲೆ, ಹೊಗೆಸೊಪ್ಪು, ನೂಲು ಬೀಡಿ ಕಂಪನಿಯ ಬ್ರಾಂಚಿನಿಂದ ಬರುತ್ತದೆ. ಕಟ್ಟಿದ ಬೀಡಿ ಬ್ರಾಂಚಿಗೆ ಹೋಗುತ್ತದೆ. ಸಾವಿರಕ್ಕೆ ಇಷ್ಟು ಎಂಬುದು ಮಜೂರಿ. ಅದರ ಮೇಲೆ ಡಿಎ. ಕರ್ನಾಟಕದಲ್ಲಿ ಕನಿಷ್ಠ ವೇತನದ ಜೊತೆ ಬರುವ ಈ ತುಟ್ಟಿಭತ್ಯೆ ಬೆಲೆ ಸೂಚ್ಯಂಕವನ್ನು ಹಿಡಿದು ಪ್ರತಿ ಏಪ್ರಿಲ್ 1ರಂದು ಬದಲಾಗುತ್ತದೆ, ಅದಕ್ಕೇ ಅದು ವೇರಿಯಬಲ್ ಡಿಎ. ಮತ್ತೆ ಪಿಎಫ್ ಹಿಡಿತ. ರಿಜೆಕ್ಟ್ ಆದ ಬೀಡಿಯ ಲೆಕ್ಕ. ಇಷ್ಟನ್ನೂ ನಮ್ಮ ಬೀಡಿ ಕಟ್ಟುವ ಹೆಂಗಸರು ಬೆರಳ ತುದಿಯಲ್ಲಿ ಹೇಳುತ್ತಾರೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕೂತು ಕಟ್ಟುವವರನ್ನೂ ಕಾರ್ಮಿಕರೆಂದೇ ಕಂಡದ್ದರಿಂದ ಈ ಪದಗಳು ಅಡುಗೆಮನೆಯವರೆಗೆ ಬಂದವು. ಅವುಗಳನ್ನು ಅಲ್ಲಿ ಊರಿಸಿದ್ದು ಸಂಘಟನೆ. ಹತ್ತನೇ ತರಗತಿ ದಾಟದ ಅಮ್ಮನಿಗೆ ಡಿಎ ಏರಿಕೆಯ ಅರಿಯರ್ಸ್ ಎಷ್ಟು ಬರಬೇಕು ಎಂಬುದು ಗೊತ್ತು. ಎಂಕಾಂ ಓದಿದ ಮಗನಿಗೆ ತನ್ನ ಬೇಸಿಕ್ ಎಷ್ಟೆಂದು ಗೊತ್ತಿಲ್ಲ.

ರಬ್ಬರ್ ತೋಟದ ಲೈನುಗಳಲ್ಲೂ ಇದೇ ಕತೆ. 1964ರ ಅಕ್ಟೋಬರಿನ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕೆಯಿಂದ ಮರಳಿದ ತಮಿಳು ಕುಟುಂಬಗಳಿಗೆ ಪುತ್ತೂರು, ಸುಳ್ಯದ ಸರಕಾರಿ ರಬ್ಬರ್ ತೋಟಗಳಲ್ಲಿ ನೆಲೆ ಸಿಕ್ಕಿತು. ಆ ತೋಟಗಳು ಈಗ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಕೈಯಲ್ಲಿವೆ. ಬೆಳಕು ಹರಿಯುವ ಮೊದಲೇ ಮರದ ಬುಡದಲ್ಲಿರುವ ಆ ಜನರಿಗೆ ಹಾಜರಿ, ಬೋನಸ್, ಪಿಎಫ್, ಗ್ರಾಚುಟಿ ಎಂಬುದೆಲ್ಲ ತಮಿಳಿನಷ್ಟೇ ಸಲೀಸು.

ಇನ್ನು ಸಿಟಿಸಿ. ಕಾಸ್ಟ್ ಟು ಕಂಪನಿ. ಹೆಸರಿನಲ್ಲೇ ಇದೆ, ಇದು ನಿಮಗೆ ಬರುವ ಸಂಬಳದ ಮಾತಲ್ಲ, ನಿಮ್ಮಿಂದ ಕಂಪನಿಗೆ ತಗಲುವ ಖರ್ಚಿನ ಮಾತು. ನಮ್ಮ ತೋಟದ ಭಟ್ಟರು ಕೂಡ ಮರ ಹತ್ತುವವನಿಗೆ ಕೊಡುವ ದುಡ್ಡಿನ ಜೊತೆ ಅನ್ನ, ಸಾರು, ಚಹಾ, ಹಗ್ಗದ ಸವೆತ ಎಲ್ಲ ಸೇರಿಸಿ ನಿನ್ನ ಸಂಬಳ ಇಷ್ಟು ಎಂದರೆ ಹೇಗಿರುತ್ತದೋ ಹಾಗೆ. ಭಟ್ಟರು ಅಷ್ಟು ದೂರ ಹೋಗಲಾರರು, ಹೋದರೆ ಮರುದಿನ ಮರ ಹತ್ತಲು ಜನ ಬರುವುದಿಲ್ಲ.

ವರ್ಷಕ್ಕೆ 3.6 ಲಕ್ಷವನ್ನು ಬಿಡಿಸಿ ನೋಡೋಣ. ಎಲ್‌ಪಿಎ ಅಂದರೆ ವರ್ಷಕ್ಕೆ ಇಷ್ಟು ಲಕ್ಷ, ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 30,000. ಈ ಮೂವತ್ತು ಸಾವಿರದಲ್ಲಿ ಬೇಸಿಕ್ 15,000, ಮನೆ ಬಾಡಿಗೆ ಭತ್ಯೆ 6,000, ಸ್ಪೆಷಲ್ ಅಲವೆನ್ಸ್ 3,000 ಎಂದಿಟ್ಟುಕೊಳ್ಳಿ. ಇಲ್ಲಿಗೆ 24,000 ಆಯಿತು. ಉಳಿದ ಆರು ಸಾವಿರ ಎಲ್ಲಿ? ಕಂಪನಿ ತನ್ನ ಪಾಲಿನ ಪಿಎಫ್ ಎಂದು ಬೇಸಿಕ್‌ನ ಶೇ 12, ಅಂದರೆ 1,800 ಕಟ್ಟುತ್ತದೆ, ಅದು ಸಿಟಿಸಿಯೊಳಗೆ. ಮುಂದೆ ಎಂದೋ ಕೊಡಬೇಕಾದ ಗ್ರಾಚುಟಿಗೆಂದು ತಿಂಗಳಿಗೆ 721, ಅದೂ ಒಳಗೆ. ಆರೋಗ್ಯ ವಿಮೆಗೆ 479. ವೇರಿಯಬಲ್ ಪೇ ಎಂದು 3,000, ಅದು ವರ್ಷದ ಕೊನೆಗೆ, ನಿಮ್ಮ ಕೆಲಸವೂ ಕಂಪನಿಯ ವ್ಯಾಪಾರವೂ ಚೆನ್ನಾಗಿದ್ದರೆ ಮಾತ್ರ. ಇಲ್ಲಿಗೆ ಮೂವತ್ತು ಸಾವಿರ ತುಂಬಿತು.

ಆ 24,000ಕ್ಕೆ ಗ್ರಾಸ್ ಎನ್ನುತ್ತಾರೆ. ಅದರಿಂದ ನಿಮ್ಮ ಪಾಲಿನ ಪಿಎಫ್ 1,800 ಹೋಯಿತು. ಉಳಿದದ್ದು 22,200. ಇದೇ ನೆಟ್, ಇದೇ ಟೇಕ್‌ಹೋಮ್, ಖಾತೆಗೆ ಬಂದು ಮೊಬೈಲಿನಲ್ಲಿ ಟಿಂಗ್ ಎನ್ನುವ ದುಡ್ಡು ಇದೇ. ಗ್ರಾಸ್ 25,000 ಮುಟ್ಟಿದ್ದರೆ ಕರ್ನಾಟಕದ ವೃತ್ತಿ ತೆರಿಗೆ ತಿಂಗಳಿಗೆ 200 ಹೋಗುತ್ತಿತ್ತು, 2025ರಿಂದೀಚೆಗೆ ಫೆಬ್ರವರಿಯಲ್ಲಿ ಮಾತ್ರ 300. ಗ್ರಾಸ್ 21,000ದ ಒಳಗಿದ್ದರೆ ಆರೋಗ್ಯ ಸೌಲಭ್ಯ ಕೊಡುವ ಇಎಸ್‌ಐಗೆ ಶೇ 0.75 ಹೋಗಿ, ಕಂಪನಿ ಶೇ 3.25 ಹಾಕುತ್ತಿತ್ತು. ಈ 21,000ದ ಗೆರೆ ವಿಚಿತ್ರದ್ದು. 20,800 ಇದ್ದವನಿಗೆ ಏಳು ನೂರು ಹೆಚ್ಚಾದರೆ ಖುಷಿ, ಆದರೆ ಮಾರ್ಚ್ ಅಥವಾ ಸೆಪ್ಟೆಂಬರಿಗೆ ಮುಗಿಯುವ ಆ ಅರ್ಧವರ್ಷದ ಅವಧಿ ಕಳೆದ ಮೇಲೆ ಇಎಸ್‌ಐ ಕಟ್ಟುವುದು ನಿಂತು, ಮನೆಯವರಿಗೆಲ್ಲ ಇದ್ದ ಸೌಲಭ್ಯವೂ ಕೆಲವು ತಿಂಗಳಲ್ಲಿ ಹೋಗುತ್ತದೆ. ಅಪ್ಪ ಅಮ್ಮನ ಔಷಧಿಯ ಖರ್ಚು ಇರುವ ಮನೆಯಲ್ಲಿ ಅಂಥ ಏರಿಕೆ ನಿಜಕ್ಕೂ ಏರಿಕೆಯೇ ಎಂದು ಕೂತು ಲೆಕ್ಕ ಹಾಕಬೇಕಾಗುತ್ತದೆ.

ಪಿಎಫ್‌ನ ಬಗ್ಗೆ ಒಂದು ಮಾತು, ಏಕೆಂದರೆ ಕಡಿತ ಎಂದ ಕೂಡಲೇ ನಮ್ಮ ಹುಡುಗರಿಗೆ ಸಿಟ್ಟು ಬರುತ್ತದೆ. ಆ ದುಡ್ಡು ನಿಮ್ಮದೇ. ಕಂಪನಿ ಹಾಕುವ ಶೇ 12ರಲ್ಲಿ ಶೇ 8.33 ಪಿಂಚಣಿಗೆ, ಶೇ 3.67 ಪಿಎಫ್‌ಗೆ ಹೋಗುತ್ತದೆ. 2014ರ ಸೆಪ್ಟೆಂಬರಿನಿಂದ 15,000ದ ಸಂಬಳವನ್ನು ಮಿತಿಯಾಗಿ ಹಿಡಿದಿದ್ದಾರೆ. ಸಿಟ್ಟು ಬರಬೇಕಾದ್ದು ಇದಕ್ಕಲ್ಲ, ಪೇ ಸ್ಲಿಪ್‌ನಲ್ಲಿ ಹಿಡಿದು ಖಾತೆಗೆ ಕಟ್ಟದೆ ಇರುವವರ ಮೇಲೆ. ಪಿಎಫ್ ಪಾಸ್‌ಬುಕ್ ಈಗ ಮೊಬೈಲಿನಲ್ಲೇ ಕಾಣುತ್ತದೆ. ಕಟ್ಟಿದ್ದಾರೋ ಇಲ್ಲವೋ ನೋಡಲು ಎರಡು ನಿಮಿಷ ಸಾಕು.

ಸಂದರ್ಶನದಲ್ಲಿ ಕೇಳಬೇಕಾದ ವಾಕ್ಯಗಳು ಬಹಳವೇನಿಲ್ಲ. ಕುಡ್ ಯೂ ಪ್ಲೀಸ್ ಶೇರ್ ದ ಬ್ರೇಕಪ್? ಇದು ಮರ ಎಷ್ಟು, ಎತ್ತರ ಎಷ್ಟು ಎಂಬ ಪ್ರಶ್ನೆ. ಹೌ ಮಚ್ ಆಫ್ ಇಟ್ ಈಸ್ ಫಿಕ್ಸ್ಡ್? ಇದು ಮಳೆ ಬಂದರೂ ಕೊಡುವುದು ಎಷ್ಟು ಎಂಬ ಪ್ರಶ್ನೆ. ವಾಟ್ ವಿಲ್ ಮೈ ಮಂತ್ಲಿ ಟೇಕ್‌ಹೋಮ್ ಬಿ? ಇದು ಊಟ ಕಳೆದು ಕೈಗೆ ಎಷ್ಟು ಎಂಬುದು. ಮೂರನ್ನೂ ನಗುಮುಖದಲ್ಲಿ ಕೇಳಬಹುದು, ಯಾರೂ ಸಿಟ್ಟಾಗುವುದಿಲ್ಲ. ಕೇಳಿದ್ದಕ್ಕೇ ಸಿಟ್ಟಾದರೆ ಆ ಜಾಗ ಎಂಥದು ಎಂದು ಸೇರುವ ಮೊದಲೇ ತಿಳಿಯಿತು, ಅದೂ ಲಾಭವೇ. ಇನ್ನೊಂದು, ಅವರೇ ಕೇಳುವ ಪ್ರಶ್ನೆ ಇರುತ್ತದೆ: ವಾಟ್ ಆರ್ ಯುವರ್ ಎಕ್ಸ್‌ಪೆಕ್ಟೇಷನ್ಸ್? ಇಲ್ಲಿ ಎಕ್ಸ್‌ಪೆಕ್ಟೇಷನ್ ಎಂದರೆ ನಿರೀಕ್ಷೆ ಎಂದು ತಿಳಿದು ಒಳ್ಳೆಯ ವಾತಾವರಣ, ಕಲಿಯುವ ಅವಕಾಶ ಎಂದೆಲ್ಲ ಹೇಳಬೇಡಿ. ಅವರು ಕೇಳುತ್ತಿರುವುದು ಮೊತ್ತ. ಹೇಳುವಾಗ ಗ್ರಾಸ್‌ನಲ್ಲಿ ಹೇಳುತ್ತಿದ್ದೀರೋ ಸಿಟಿಸಿಯಲ್ಲೋ ಎಂದು ಸ್ಪಷ್ಟ ಮಾಡಿ. ನೀವು ಇಪ್ಪತ್ತೈದು ಎಂದು ಗ್ರಾಸ್ ಮನಸ್ಸಿನಲ್ಲಿಟ್ಟು ಹೇಳಿ, ಅವರು ಸಿಟಿಸಿ ಎಂದು ಬರೆದುಕೊಂಡರೆ ಅಲ್ಲಿಗೇ ಐದು ಸಾವಿರ ಹೋಯಿತು. ಅಪ್ ಟು ಎಂಬ ಎರಡಕ್ಷರ ಜಾಹೀರಾತಿನಲ್ಲಿದ್ದರೆ ಆ ಮೊತ್ತವನ್ನು ಮರೆತೇಬಿಡಿ.

ಸಂಬಳ ಬರುತ್ತದೆ ಎನ್ನಲು ಇಂಗ್ಲಿಷಿನಲ್ಲಿ ನಾಲ್ಕಾರು ಕ್ರಿಯಾಪದಗಳಿವೆ. ಐ ಅರ್ನ್ ಎಂದರೆ ಎಲ್ಲೆಡೆ ಸಲ್ಲುತ್ತದೆ. ಐ ಮೇಕ್ ಗೆಳೆಯರ ನಡುವೆ. ಡ್ರಾಯಿಂಗ್ ಎ ಸ್ಯಾಲರಿ ಆಫ್ ಎಂಬುದು ಅರ್ಜಿಯಲ್ಲಿ, ಬ್ಯಾಂಕಿನ ಸಾಲದ ಫಾರಂನಲ್ಲಿ. ಮೈ ಸ್ಯಾಲರಿ ಈಸ್ ಕಮಿಂಗ್ ಟ್ವೆಂಟಿ ಥೌಸಂಡ್ ಎಂಬುದು ನಮ್ಮಲ್ಲಿ ಮಾತ್ರ. ಹೆಚ್ಚಾಗುವುದಕ್ಕೆ ನಮ್ಮ ಪತ್ರಿಕೆಗಳು ಹೈಕ್ ಎನ್ನುತ್ತವೆ, ಸರಕಾರಿ ನೌಕರರು ಇನ್‌ಕ್ರಿಮೆಂಟ್ ಎನ್ನುತ್ತಾರೆ. ಅಮೆರಿಕದವರಿಗೆ ಅದು ರೇಯ್ಸ್, ಬ್ರಿಟಿಷರಿಗೆ ರೈಸ್. ಕುಚ್ಚಲಕ್ಕಿ ಉಣ್ಣುವ ನಮಗೆ ಎರಡನೆಯದು ಬೇಗ ಬಾಯಿಗೆ ಬರುತ್ತದೆ. ಅಪ್ರೈಸಲ್ ಎಂದರೆ ಏರಿಕೆಯಲ್ಲ, ಏರಿಸಬೇಕೋ ಬೇಡವೋ ಎಂದು ತೂಗುವ ಕಲಾಪ. ಅಪ್ರೈಸಲ್ ಆಯಿತು ಎಂದು ಮನೆಗೆ ಫೋನ್ ಮಾಡಿ ಪಾಯಸ ಮಾಡಿಸಿದವರಿದ್ದಾರೆ, ಪತ್ರ ಕೈಗೆ ಬಂದಾಗ ಹಳೆಯ ಸಂಬಳವೇ ಇತ್ತು.

ಭತ್ಯೆಯ ವಿಷಯದಲ್ಲಿ ಸುಬ್ರಹ್ಮಣ್ಯದ ಟೂರಿಸ್ಟ್ ಕಾರಿನ ಚಾಲಕರು ಕಚೇರಿಯವರಿಗಿಂತ ಚುರುಕು. ಸಂಬಳ ಬೇರೆ, ಬಾಟಾ ಬೇರೆ, ಡೀಸೆಲ್ಲಿಗೆ ಕೊಟ್ಟ ದುಡ್ಡು ಬೇರೆ. ಬಾಟಾ ಉಳಿಸಿದರೆ ತನ್ನದು, ಅದೇ ಅಲವೆನ್ಸ್. ಡೀಸೆಲ್ಲಿಗೆ ತನ್ನ ಕೈಯಿಂದ ಹಾಕಿ ಬಿಲ್ಲು ತೋರಿಸಿ ವಾಪಸು ಪಡೆಯುವುದು ರಿಇಂಬರ್ಸ್‌ಮೆಂಟ್. ಆಫರ್ ಲೆಟರಿನಲ್ಲಿ ಮೊಬೈಲ್, ಇಂಧನ, ಊಟ ಎಂದು ಬರೆದಿದ್ದರೆ ಇವೆರಡರಲ್ಲಿ ಯಾವುದು ಎಂದು ಕೇಳಿಕೊಳ್ಳಿ. ರಿಇಂಬರ್ಸ್‌ಮೆಂಟ್ ಆದರೆ ಖರ್ಚು ಮಾಡದೆ ಅದು ಬರುವುದಿಲ್ಲ, ಅಂದರೆ ಅದು ಸಂಬಳವೇ ಅಲ್ಲ.

ಈಗ ಬೇಸಿಕ್. ಎಲ್ಲ ಪದಗಳಲ್ಲೂ ಹೆಚ್ಚು ಗಮನ ಬೇಡುವುದು ಇದೇ. ಪಿಎಫ್, ಗ್ರಾಚುಟಿ, ಬೋನಸ್ ಎಲ್ಲವೂ ಬೇಸಿಕ್ ಮತ್ತು ಡಿಎಯ ಮೇಲೆಯೇ ನಿಂತಿವೆ. ಹಾಗಾಗಿ ಬೇಸಿಕ್ ಸಣ್ಣದು ಮಾಡಿ ಉಳಿದದ್ದನ್ನು ಬಗೆಬಗೆಯ ಅಲವೆನ್ಸ್‌ಗಳಲ್ಲಿ ಹಂಚುವುದು ಹಳೆಯ ಉಪಾಯ. ಕೈಗೆ ಬರುವ ದುಡ್ಡು ಸ್ವಲ್ಪ ಹೆಚ್ಚು ಕಾಣುತ್ತದೆ, ಕೆಲಸ ಬಿಟ್ಟು ಹೋಗುವ ದಿನ ಸಿಗಬೇಕಾದ್ದು ಸೊರಗುತ್ತದೆ. ಹೊಸ ವೇತನ ಸಂಹಿತೆ ಕೈಹಾಕಿರುವುದು ಇಲ್ಲಿಗೆ. ವೇಜಸ್ ಅಲ್ಲ ಎಂದು ಹೊರಗಿಟ್ಟ ಭತ್ಯೆಗಳೆಲ್ಲ ಸೇರಿ ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದಷ್ಟನ್ನೂ ವೇಜಸ್ ಎಂದೇ ಹಿಡಿಯಬೇಕು. ಆಫರ್ ಲೆಟರಿನಲ್ಲಿ ಬೇಸಿಕ್ ಸಾಲಿನ ಮುಂದೆ ಅರ್ಧಕ್ಕಿಂತ ತುಂಬ ಕಡಿಮೆ ಕಂಡರೆ ಈ ಮಾತು ನೆನಪಿರಲಿ.

ಗ್ರಾಚುಟಿಯ ಲೆಕ್ಕ ಬಾಯಿಪಾಠ ಮಾಡುವಷ್ಟು ಸುಲಭ. ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ದುಡಿದ ವರ್ಷಗಳಿಂದ ಗುಣಿಸಬೇಕು. ಕೊನೆಯ ಬೇಸಿಕ್ ಮತ್ತು ಡಿಎ ಸೇರಿ 26,000 ಇದ್ದು ಹತ್ತು ವರ್ಷ ದುಡಿದವನಿಗೆ 1,50,000. ಐದು ವರ್ಷ ಆಗಬೇಕು ಎಂಬುದು 1972ರ ಕಾಯ್ದೆಯಿಂದ ಬಂದ ನಿಯಮ. ನಿಗದಿತ ಅವಧಿಯ ಗುತ್ತಿಗೆಯವರಿಗೆ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಒಂದು ವರ್ಷ ಸಾಕು. ಈ 26 ಎಲ್ಲಿಂದ ಬಂತು? ತಿಂಗಳಿನಲ್ಲಿ ನಾಲ್ಕು ಭಾನುವಾರ ಕಳೆದರೆ ಉಳಿಯುವ ಕೆಲಸದ ದಿನ. ಇದೇ ಸಂಖ್ಯೆ ಇನ್ನೊಂದು ಕಡೆ ತಿರುಗಿ ಕಚ್ಚುವುದೂ ಉಂಟು. ರಜೆ ಮುಗಿದ ಮೇಲೂ ರಜೆ ಹಾಕಿದರೆ ಲಾಸ್ ಆಫ್ ಪೇ. 24,000ದವನ ಒಂದು ದಿನ 30ರಿಂದ ಭಾಗಿಸಿದರೆ 800, 26ರಿಂದ ಭಾಗಿಸಿದರೆ 923. ಕಡಿತಕ್ಕೆ ಒಂದು, ಕೊಡುವಾಗ ಇನ್ನೊಂದು ಸಂಖ್ಯೆ ಹಿಡಿಯುವ ಜಾಣರೂ ಇದ್ದಾರೆ. ಷಷ್ಠಿಗೋ ಜಾತ್ರೆಗೋ ಊರಿಗೆ ಬಂದು ಎರಡು ದಿನ ಹೆಚ್ಚು ಉಳಿಯುವ ಮುನ್ನ ಈ ಲೆಕ್ಕ ಕೇಳಿಟ್ಟುಕೊಳ್ಳಿ.

ಬೋನಸ್ ಎಂದರೆ ಧಣಿಗಳ ಉಡುಗೊರೆ ಎಂದೇ ತಿಳಿದವರು ಬಹಳ. ಕಾನೂನಿನ ಬೋನಸ್ ಹಾಗಲ್ಲ. ಅರ್ಹರಿಗೆ ವಾರ್ಷಿಕ ವೇತನದ ಶೇ 8.33 ಕಡ್ಡಾಯ, ಅಂದರೆ ಹನ್ನೆರಡರಲ್ಲೊಂದು, ಸುಮಾರು ಒಂದು ತಿಂಗಳದ್ದು. ಮೇಲಿನ ಮಿತಿ ಶೇ 20. ಪ್ರೀತಿಯಿಂದ, ಕಡ್ಡಾಯವಿಲ್ಲದೆ ಕೊಡುವುದಕ್ಕೆ ಎಕ್ಸ್ ಗ್ರೇಷಿಯಾ ಎನ್ನುತ್ತಾರೆ. ಗುರಿ ಮುಟ್ಟಿದ್ದಕ್ಕೆ ಇನ್‌ಸೆಂಟಿವ್, ಮಾರಿದ ಮಾಲಿನ ಮೇಲೆ ಶೇಕಡಾವಾರು ಕಮಿಷನ್. ಹೆಚ್ಚುವರಿ ಗಂಟೆಗೆ ಓಟಿ. 1986ರಲ್ಲಿ ಉದ್ಘಾಟನೆಯಾದ ಕ್ಯಾಂಪ್ಕೊ ಚಾಕಲೇಟ್ ಕಾರ್ಖಾನೆಯಂಥ ಶಿಫ್ಟಿನ ಜಾಗವನ್ನು ಕಂಡ ಪುತ್ತೂರಿನವರಿಗೆ ಓಟಿ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಓಟಿಯ ದರ ಮಾಮೂಲಿ ದರದ ಎರಡು ಪಟ್ಟು ಎಂಬುದು ಬಟ್ಟೆ ಅಂಗಡಿಯಲ್ಲಿ ಹಬ್ಬದ ವಾರ ರಾತ್ರಿ ಒಂಬತ್ತೂವರೆವರೆಗೆ ನಿಲ್ಲುವ ಹುಡುಗಿಯರಿಗೆ ಯಾರೂ ಹೇಳಿದಂತಿಲ್ಲ. ಅವರಿಗೆ ಸಿಗುವುದು ಒಂದು ಪೊಟ್ಟಣ ಸ್ವೀಟು.

ಸಂಬಳದ ಜಾಗದಲ್ಲಿ ಬೇರೆ ಹೆಸರು ಬಂದಾಗ ಎಚ್ಚರ ಬೇಕು. ಸ್ಟೈಪೆಂಡ್ ಎಂದರೆ ಕಲಿಯುತ್ತಿರುವವರಿಗೆ ಕೊಡುವುದು. ಮೂರು ವರ್ಷ ಕಳೆದರೂ ಟ್ರೈನಿ ಎಂದೇ ಕರೆದು ಸ್ಟೈಪೆಂಡ್ ಕೊಡುತ್ತಿದ್ದರೆ ಅಲ್ಲಿ ಕಲಿಯುತ್ತಿರುವವರು ಯಾರು ಎಂದು ಕೇಳಬೇಕಾಗುತ್ತದೆ. ಹಾನರೇರಿಯಂ ಇನ್ನೂ ಸೂಕ್ಷ್ಮ. ಕನ್ನಡದಲ್ಲಿ ಗೌರವಧನ ಎಂದು ಎಷ್ಟು ಚಂದದ ಹೆಸರಿಟ್ಟಿದ್ದೇವೆ! ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು, ಸರಕಾರಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಪಡೆಯುವುದು ಇದನ್ನೇ. ದಿನವಿಡೀ ದುಡಿದರೂ ಅದನ್ನು ವೇತನ ಎನ್ನದಿದ್ದರೆ ವೇತನದ ಬೆನ್ನಿಗೆ ಬರುವ ಪಿಎಫ್, ಗ್ರಾಚುಟಿ, ಡಿಎ ಯಾವುದನ್ನೂ ಕೊಡಬೇಕಾಗಿಲ್ಲ ಎಂಬುದು ಆ ಗೌರವದ ಒಳಗುಟ್ಟು. ಅಂಗನವಾಡಿಯವರಿಗೂ ಗ್ರಾಚುಟಿ ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲಿನಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಹೇಳಿದ ಮೇಲೆ ಆ ಒಳಗುಟ್ಟು ಸ್ವಲ್ಪ ಸಡಿಲವಾಯಿತು.

ಹೆಂಗಸರ ಮಾತು ಬಂದದ್ದರಿಂದ ಹೇಳುತ್ತೇನೆ, ಈಕ್ವಲ್ ಪೇ ಎಂಬ ಪದಕ್ಕೆ ನಮ್ಮ ತೋಟಗಳಲ್ಲಿ ಇನ್ನೂ ಜಾಗ ಸಿಕ್ಕಿಲ್ಲ. ಉದ್ಯೋಗ ಖಾತ್ರಿಯಲ್ಲಿ 2025–26ಕ್ಕೆ ಕರ್ನಾಟಕದ ದರ ದಿನಕ್ಕೆ 370 ರೂಪಾಯಿ ಇತ್ತು, ಗಂಡಸಿಗೂ ಹೆಂಗಸಿಗೂ ಅಷ್ಟೇ. ಪಕ್ಕದ ತೋಟಕ್ಕೆ ಹೋದರೆ ಗಂಡಾಳಿಗೆ ಒಂದು, ಹೆಣ್ಣಾಳಿಗೆ ಇನ್ನೊಂದು. ಕೆಲಸ ಬೇರೆ ಬೇರೆ ಎಂಬ ಸಮಜಾಯಿಷಿ ಇದೆ. ಆದರೆ ಗೊಬ್ಬರ ಹೊರುವ ದಿನ ಇಬ್ಬರ ತಲೆಯ ಮೇಲೂ ಒಂದೇ ಗಾತ್ರದ ಬುಟ್ಟಿ ಇರುವುದನ್ನು ನೋಡಿದ್ದೇನೆ, ಸಂಜೆ ಕೈಗೆ ಬಂದ ನೋಟು ಒಂದೇ ಇರಲಿಲ್ಲ.

ಅಡ್ವಾನ್ಸ್ ಎಂಬ ಪದಕ್ಕೆ ಈ ನೆಲದಲ್ಲಿ ಹಳೆಯ, ಕಹಿಯಾದ ಅರ್ಥವಿದೆ. ಬಹುಕಾಲ ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರ 'ಚೋಮನ ದುಡಿ'ಯಲ್ಲಿ ಸಾಲ ತೀರಿಸಲು ಚೋಮನ ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ, ದುಡಿದಷ್ಟೂ ಸಾಲ ತೀರುವುದಿಲ್ಲ. ಕೊಟ್ಟ ಮುಂಗಡವೇ ಕಾಲಿನ ಸರಪಳಿಯಾಗುವ ಆ ಪದ್ಧತಿಯನ್ನು ಕಾನೂನು 1976ರಲ್ಲಿ ರದ್ದು ಮಾಡಿತು. ಇವತ್ತಿನ ಆಫರ್ ಲೆಟರಿನಲ್ಲಿ ಬರುವ ಸರ್ವಿಸ್ ಬಾಂಡ್, ಜಾಯ್ನಿಂಗ್ ಬೋನಸ್, ರಿಕವರಿ ಎಂಬ ಪದಗಳನ್ನು ಅದರ ಜೊತೆ ಒಂದೇ ತಕ್ಕಡಿಗೆ ಹಾಕುವುದು ಅತಿಯಾದೀತು; ಚೋಮನಿಗೆ ಬಿಟ್ಟು ಹೋಗುವ ದಾರಿಯೇ ಇರಲಿಲ್ಲ, ಇಲ್ಲಿ ದುಡ್ಡು ಕಟ್ಟಿ ಹೋಗಬಹುದು. ಆದರೂ ಸೇರುವಾಗ ಕೊಟ್ಟ ಐವತ್ತು ಸಾವಿರದ ಜಾಯ್ನಿಂಗ್ ಬೋನಸ್ ವರ್ಷ ತುಂಬುವ ಮೊದಲು ಬಿಟ್ಟರೆ ವಾಪಸು ಕೊಡಬೇಕು ಎಂಬ ಸಾಲು ಸಾಮಾನ್ಯವಾಗಿ ಕೊನೆಯ ಪುಟದಲ್ಲಿ ಇರುತ್ತದೆ. ಅದು ಬೋನಸ್ ಅಲ್ಲ, ಮುಂಗಡ. ಅಂಥ ದುಡ್ಡನ್ನು ಬೈಕಿಗೆ ಹಾಕುವ ಮೊದಲು ಕೊನೆಯ ಪುಟ ಓದಬೇಕು.

ಗಲ್ಫಿಗೆ ಹೋಗುವವರ ಮಟ್ಟಿಗೆ ಈ ಎಲ್ಲ ಮಾತು ಇನ್ನೂ ಖಡಕ್ಕಾಗಿ ಅನ್ವಯಿಸುತ್ತದೆ. ಪುತ್ತೂರು, ಕಡಬದ ಎಷ್ಟೋ ಮನೆಗಳ ತಾರಸಿ ಎದ್ದದ್ದು ದಿರ್ಹಮ್, ರಿಯಾಲ್‌ಗಳಿಂದ. ಅಲ್ಲಿಯ ಕರಾರಿನಲ್ಲಿ ಬೇಸಿಕ್ ಒಂದು ಸಾಲು, ಅಲವೆನ್ಸ್ ಇನ್ನೊಂದು. ಯುಎಇಯಲ್ಲಿ ಬಿಟ್ಟು ಬರುವಾಗ ಸಿಗುವ ಎಂಡ್ ಆಫ್ ಸರ್ವಿಸ್ ಗ್ರಾಚುಟಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನ ವರ್ಷಗಳಿಗೆ 30 ದಿನದ ಬೇಸಿಕ್. ಇಬ್ಬರಿಗೆ ತಿಂಗಳಿಗೆ 3,000 ದಿರ್ಹಮ್ ಬರುತ್ತಿದೆ, ಒಬ್ಬನ ಬೇಸಿಕ್ 1,000, ಇನ್ನೊಬ್ಬನದು 2,000 ಎಂದಾದರೆ, ಅಲ್ಲಿದ್ದಷ್ಟು ಕಾಲ ಇಬ್ಬರೂ ಸರಿಸಮ. ಹತ್ತು ವರ್ಷದ ನಂತರ ಸಾಮಾನು ಕಟ್ಟುವಾಗ ಎರಡನೆಯವನಿಗೆ ಮೊದಲನೆಯವನ ಎರಡು ಪಟ್ಟು. ಹೊರಡುವ ಗಡಿಬಿಡಿಯಲ್ಲಿ ಏಜೆಂಟರ ಕಚೇರಿಯಲ್ಲಿ ಸಹಿ ಹಾಕುವವರು ಒಟ್ಟು ಮೊತ್ತ ಮಾತ್ರ ನೋಡುತ್ತಾರೆ. ಸಂಬಳವನ್ನು ಬ್ಯಾಂಕಿನ ಮೂಲಕವೇ ಕೊಡಬೇಕೆಂಬ ವೇಜ್ ಪ್ರೊಟೆಕ್ಷನ್ ಸಿಸ್ಟಮ್ ಅಲ್ಲಿ 2009ರಿಂದ ಇದೆ. ಆದ್ದರಿಂದ ಕೈಗೆ ನಗದು ಕೊಡುತ್ತೇನೆ, ಖಾತೆಗೆ ಬೇಡ ಎನ್ನುವವನ ಹತ್ತಿರ ಅನುಮಾನದಿಂದಲೇ ಮಾತಾಡಬಹುದು.

ಕೊನೆಗೆ ಬಿಡುವ ದಿನದ ಪದ, ಫುಲ್ ಆಂಡ್ ಫೈನಲ್. ಉಳಿದ ದಿನಗಳ ಸಂಬಳ, ಬಳಸದ ರಜೆಯ ದುಡ್ಡು ಅಂದರೆ ಲೀವ್ ಎನ್‌ಕ್ಯಾಶ್‌ಮೆಂಟ್, ಅರ್ಹತೆ ಇದ್ದರೆ ಗ್ರಾಚುಟಿ, ಅದರಿಂದ ನೋಟಿಸ್ ಅವಧಿ ಪೂರೈಸದ್ದಕ್ಕೆ ಕಡಿತ, ಎಲ್ಲ ಸೇರಿದ ಕೊನೆಯ ಲೆಕ್ಕ ಅದು. ತಿಂಗಳ ಸಂಬಳ ಮುಂದಿನ ತಿಂಗಳ ಏಳನೇ ತಾರೀಕಿನೊಳಗೆ ಆಗಬೇಕು. ಬಿಟ್ಟವರಿಗೆ ಬಾಕಿ ವೇತನ ಎರಡು ಕೆಲಸದ ದಿನಗಳೊಳಗೆ ಕೊಡಬೇಕು ಎಂದು ಹೊಸ ವೇತನ ಸಂಹಿತೆ ಹೇಳುತ್ತದೆ. ನಲವತ್ತೈದು ದಿನ ಕಾಯಿರಿ ಎಂಬ ಉತ್ತರ ಬಂದರೆ ಅದು ಕಂಪನಿಯ ರೂಢಿ, ಕಾನೂನಲ್ಲ. ಹೊರಡುವ ಮುಂಚೆ ಪೇ ಸ್ಲಿಪ್‌ಗಳನ್ನೆಲ್ಲ ನಿಮ್ಮ ಸ್ವಂತ ಮೇಲ್‌ಗೆ ಇಳಿಸಿಟ್ಟುಕೊಳ್ಳಿ, ಕಚೇರಿಯ ಲಾಗಿನ್ ಕೊನೆಯ ದಿನ ಸಂಜೆಯೇ ಮುಚ್ಚುತ್ತದೆ; ಮುಂದಿನ ಕಂಪನಿ, ಮನೆ ಸಾಲ ಕೊಡುವ ಬ್ಯಾಂಕು, ಎರಡೂ ಕೇಳುವುದು ಆ ಸ್ಲಿಪ್‌ಗಳನ್ನೇ. ಪಿಎಫ್ ಖಾತೆಯಲ್ಲಿ ಡೇಟ್ ಆಫ್ ಎಕ್ಸಿಟ್ ಹಾಕಿದ್ದಾರೋ ನೋಡಿ. ಅದೊಂದು ತಾರೀಕು ಖಾಲಿ ಉಳಿದರೆ ನಿಮ್ಮದೇ ದುಡ್ಡಿಗಾಗಿ ಮಂಗಳೂರಿನ ಪಿಎಫ್ ಕಚೇರಿಗೆ ಬಸ್ಸು ಹತ್ತಬೇಕಾದೀತು.